ಶ್ವಾಸಕೋಶದ ಗಂಟು: ಹಾವಸೆಯೋ ಬೇರೋ ಎಂದು ಸಿಟಿ ಚಿತ್ರದಲ್ಲಿ ನೋಡುವ ಕ್ರಮ

ಎದೆಯ ಸಿಟಿ ರಿಪೋರ್ಟಿನ ಕೊನೆಗೆ ಒಂದು ಸಾಲು ಇರುತ್ತದೆ: ‘ಪಾರ್ಟ್ ಸಾಲಿಡ್ ನಾಡ್ಯೂಲ್, 18 ಮಿ.ಮೀ., ರೈಟ್ ಅಪ್ಪರ್ ಲೋಬ್.’ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ (ಲೋಬ್) ಒಂದಷ್ಟು ಗಟ್ಟಿ, ಉಳಿದಷ್ಟು ಮಬ್ಬಾದ ಗಂಟು ಇದೆ ಎಂದರ್ಥ. ಓದಿದ ಮನೆಯವರು ಮೊದಲು ಕೇಳುವುದು ‘ಅಷ್ಟು ದೊಡ್ಡದಾ?’ ಎಂದು. ವೈದ್ಯರ ತಲೆಯಲ್ಲಿ ಓಡುವ ಪ್ರಶ್ನೆ ಬೇರೆ. ಆ ಹದಿನೆಂಟರಲ್ಲಿ ಗಟ್ಟಿ ಭಾಗ ಎಷ್ಟು ಮಿಲಿಮೀಟರ್? ಕ್ಯಾನ್ಸರ್ ಒಳಕ್ಕೆ ನುಗ್ಗಿದೆಯೋ, ಇನ್ನೂ ಮೇಲ್ಮೈಯಲ್ಲೇ ಇದೆಯೋ ಎಂಬ ಅಂದಾಜು, ಎಷ್ಟು ಶ್ವಾಸಕೋಶ ತೆಗೆಯಬೇಕೆಂಬ ತೀರ್ಮಾನ, ಎಷ್ಟು ತಿಂಗಳು ಕಾಯಬಹುದೆಂಬ ಲೆಕ್ಕ, ಎಲ್ಲವೂ ಹೆಚ್ಚುಕಡಿಮೆ ಆ ಎರಡನೆಯ ಸಂಖ್ಯೆಯ ಸುತ್ತ ತಿರುಗುತ್ತವೆ.

ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯ ಕ್ಲಿನಿಕ್ಕುಗಳ ವೈದ್ಯರು, ಸಿಟಿ ಸೆಂಟರಿನ ಟೆಕ್ನೀಷಿಯನ್ನರು, ರೇಡಿಯಾಲಜಿ ಕಲಿಯುತ್ತಿರುವವರು, ಸಿಡಿ ಚೀಲಕ್ಕೆ ಹಾಕಿಕೊಂಡು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವ ಮನೆಯವರು, ಈ ನಾಲ್ಕು ಬಗೆಯವರಿಗಾಗಿ ಈ ಬರಹ. ಮನೆಯವರು ಅಳೆಯುವ ಭಾಗವನ್ನು ಬಿಟ್ಟು ಓದಿದರೂ ನಡೆಯುತ್ತದೆ. ಚಿತ್ರ ಪಡೆಯುವ ಭಾಗವನ್ನು ಮಾತ್ರ ಬಿಡಬೇಡಿ. ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ.

ಮೊದಲು, ಏನನ್ನು ಹುಡುಕುತ್ತಿದ್ದೇವೆ

ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಹಲವು ಸಲ ಗಾಳಿಗೂಡುಗಳ ಗೋಡೆಯ ಮೇಲೆಯೇ ಹರಡುತ್ತ ಶುರುವಾಗುತ್ತದೆ. ಆಟಿ ತಿಂಗಳಲ್ಲಿ ಮುರಕಲ್ಲಿನ ಪಾಗಾರಕ್ಕೆ ಹಾವಸೆ ಹತ್ತುತ್ತದಲ್ಲ, ಹಾಗೆ. ಗೋಡೆ ನಿಂತೇ ಇರುತ್ತದೆ, ಗೂಡಿನೊಳಗೆ ಗಾಳಿಯೂ ಇರುತ್ತದೆ. ಗಾಳಿ ಉಳಿದಿರುವುದರಿಂದ ಸಿಟಿಯಲ್ಲಿ ಅದು ಬಚ್ಚಲುಮನೆಯ ಕಿಟಕಿಯ ಮಬ್ಬು ಗಾಜಿನಂತೆ ಕಾಣುತ್ತದೆ; ಹಿಂದಿನ ರಕ್ತನಾಳದ ಗೆರೆ ಅದರ ಮೂಲಕವೇ ಕಾಣಿಸುತ್ತದೆ. ಇದಕ್ಕೇ ಗ್ರೌಂಡ್ ಗ್ಲಾಸ್ ಎನ್ನುವುದು. ಅದೇ ಪಾಗಾರದ ಸಂದಿಗೆ ಅಶ್ವತ್ಥದ ಸಸಿ ಬೇರು ಇಳಿಸಿದರೆ ಕಲ್ಲು ಸರಿಯುತ್ತದೆ, ಗೋಡೆ ಬಿರಿಯುತ್ತದೆ. ಕ್ಯಾನ್ಸರ್ ಕೋಶಗಳು ಗೋಡೆ ದಾಟಿ ಒಳಗಿಳಿದಾಗ ಗಾಳಿಗೂಡು ಕುಸಿಯುತ್ತದೆ, ನಾರು ಕಟ್ಟುತ್ತದೆ, ಗಾಳಿ ಹೋಗುತ್ತದೆ. ಚಿತ್ರದಲ್ಲಿ ಅದು ಬಿಳಿಯಾಗಿ, ಹಿಂದಿನ ರಕ್ತನಾಳವನ್ನು ಮುಚ್ಚಿಬಿಡುವ ಗಟ್ಟಿ ಭಾಗವಾಗಿ ಕಾಣುತ್ತದೆ.

2011ರಲ್ಲಿ ಬಂದ ಅಂತಾರಾಷ್ಟ್ರೀಯ ವರ್ಗೀಕರಣ ಇದಕ್ಕೆ ಮೆಟ್ಟಿಲು ಹಾಕಿಕೊಟ್ಟಿತು. 3 ಸೆ.ಮೀ. ಒಳಗಿದ್ದು, ಒಳನುಗ್ಗುವಿಕೆ ಸ್ವಲ್ಪವೂ ಇಲ್ಲದಿದ್ದರೆ ಅಡಿನೋಕಾರ್ಸಿನೋಮ ಇನ್ ಸಿಟು. 3 ಸೆ.ಮೀ. ಒಳಗಿದ್ದು, ನುಗ್ಗಿದ ಭಾಗ 5 ಮಿ.ಮೀ. ಮೀರದಿದ್ದರೆ ಮಿನಿಮಲಿ ಇನ್ವೇಸಿವ್. ಅದಕ್ಕಿಂತ ಮುಂದಕ್ಕೆ ಹೋದದ್ದು ಇನ್ವೇಸಿವ್. ಮೊದಲ ಎರಡನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದರೆ ಮತ್ತೆ ಮರಳುವುದು ತೀರ ಅಪರೂಪ. ಹಾಗಾಗಿಯೇ ಈ ಗೆರೆಗಳಿಗೆ ಇಷ್ಟು ಬೆಲೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಈ ಹೆಸರುಗಳನ್ನು ಕೊಡುವ ಅಧಿಕಾರ ಸೂಕ್ಷ್ಮದರ್ಶಕಕ್ಕೆ ಮಾತ್ರ, ಅದೂ ಗಂಟನ್ನು ಪೂರ್ತಿ ತೆಗೆದ ಮೇಲೆ. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಹಾವಸೆ ಮಾತ್ರ ಸಿಕ್ಕಿ, ಪಕ್ಕದಲ್ಲೇ ಇದ್ದ ಬೇರು ತಪ್ಪಿಹೋಗಬಹುದು. ಸಿಟಿ ಕೊಡುವುದು ಅಂದಾಜು. ಆದರೆ ಕತ್ತರಿ ಹಿಡಿಯುವ ಮುಂಚೆ ಸಿಗುವ ಒಳ್ಳೆಯ ಅಂದಾಜು ಅದೊಂದೇ.

ಚಿತ್ರ ಪಡೆಯುವುದು

ಫಿಲ್ಮ್ ಮೇಲೆ ಪ್ರಿಂಟ್ ಹಾಕಿದ ಚಿತ್ರದಿಂದ ಈ ಕೆಲಸ ಆಗುವುದಿಲ್ಲ. ಅದನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿದರಂತೂ ಆಗುವುದೇ ಇಲ್ಲ. ಬೇಕಾದದ್ದು ಡೈಕಾಮ್ ರೂಪದ (ಯಂತ್ರವೇ ಕೊಡುವ ಡಿಜಿಟಲ್ ಚಿತ್ರಗಳ) ಪೂರ್ತಿ ಡೇಟಾ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಸ್ಲೈಸಿನಲ್ಲಿ (ಎದೆಯನ್ನು ಅಡ್ಡ ಸೀಳಿದಂತೆ ತೋರಿಸುವ ಒಂದೊಂದು ಪದರದಲ್ಲಿ), ಹೆಚ್ಚೆಂದರೆ 1.5 ಮಿ.ಮೀ.

ದಪ್ಪ ಸ್ಲೈಸಿನಲ್ಲಿ ಏನು ಕೆಡುತ್ತದೆ ಎಂದು ಲೆಕ್ಕ ಹಾಕಿಯೇ ನೋಡೋಣ. ಸಿಟಿಯಲ್ಲಿ ಸಾಂದ್ರತೆಯ ಅಳತೆ ಹೌನ್ಸ್‌ಫೀಲ್ಡ್ ಯೂನಿಟ್: ನೀರು 0, ಗಾಳಿ −1000, ಮಾಮೂಲು ಶ್ವಾಸಕೋಶ ಸುಮಾರು −850, ಗಟ್ಟಿ ಮಾಂಸ ಸುಮಾರು 40. ಈಗ 5 ಮಿ.ಮೀ. ದಪ್ಪದ ಒಂದು ಸ್ಲೈಸಿನೊಳಗೆ 2 ಮಿ.ಮೀ. ದಪ್ಪದ ಗಟ್ಟಿ ಚುಕ್ಕಿ ಇದೆ, ಉಳಿದ 3 ಮಿ.ಮೀ. ಆರೋಗ್ಯವಂತ ಶ್ವಾಸಕೋಶ ಎಂದುಕೊಳ್ಳಿ. ಯಂತ್ರ ಎರಡನ್ನೂ ಬೆರೆಸಿ ಸರಾಸರಿ ತೋರಿಸುತ್ತದೆ: 40ರ ಐದನೇ ಎರಡು ಪಾಲು 16, −850ರ ಐದನೇ ಮೂರು ಪಾಲು −510, ಕೂಡಿದರೆ −494. ಅದು ಅಚ್ಚ ಗ್ರೌಂಡ್ ಗ್ಲಾಸಿನ ಸಂಖ್ಯೆ! ಅಂದರೆ ಗಟ್ಟಿ ಚುಕ್ಕಿಯೇ ಮಬ್ಬು ಗಾಜಿನಂತೆ ಕಂಡಿತು. ತಿರುಗುಮುರುಗಾಗಿಯೂ ಆಗುತ್ತದೆ, ಮಬ್ಬು ಭಾಗದ ಮೂಲಕ ಹಾದುಹೋಗುವ ರಕ್ತನಾಳ ದಪ್ಪ ಸ್ಲೈಸಿನಲ್ಲಿ ‘ಗಟ್ಟಿ ಭಾಗ’ದ ವೇಷ ಹಾಕುತ್ತದೆ.

ಸಿಡಿಯಲ್ಲಿ ತೆಳು ಸ್ಲೈಸ್ ಇದೆಯೋ ಇಲ್ಲವೋ ಎಂದು ತಿಳಿಯಲು ವೈದ್ಯರೇ ಆಗಬೇಕೆಂದಿಲ್ಲ. ಲ್ಯಾಪ್‌ಟಾಪಿನಲ್ಲಿ ಮೈಕ್ರೋಡೈಕಾಮ್‌ನಂಥ ಉಚಿತ ವ್ಯೂವರ್ ಹಾಕಿ (ಮ್ಯಾಕ್ ಇದ್ದರೆ ಹೋರೋಸ್) ಸಿಡಿ ತೆರೆಯಿರಿ. ಎಡಬದಿಯಲ್ಲಿ ಸೀರೀಸ್‌ಗಳ ಪಟ್ಟಿ, ಪ್ರತಿಯೊಂದರ ಜೊತೆ ಚಿತ್ರಗಳ ಸಂಖ್ಯೆ ಇರುತ್ತದೆ. ದೊಡ್ಡವರ ಎದೆಯ ಎತ್ತರ ಸುಮಾರು 30 ಸೆ.ಮೀ. ಒಂದು ಸೀರೀಸಿನಲ್ಲಿ 300ರ ಆಸುಪಾಸು ಚಿತ್ರ ಇದ್ದರೆ ಅದು 1 ಮಿ.ಮೀ.; 60ರ ಆಸುಪಾಸು ಮಾತ್ರ ಇದ್ದರೆ 5 ಮಿ.ಮೀ. ಅರುವತ್ತೇ ಇದ್ದರೆ ಅದೇ ದಿನ ಸೆಂಟರಿಗೆ ವಾಪಸು ಹೋಗಿ ‘ಲಂಗ್ ಕರ್ನಲ್‌ನ 1 ಮಿ.ಮೀ. ರೀಕನ್ಸ್ಟ್ರಕ್ಷನ್ ಹಾಕಿಕೊಡಿ’ ಎಂದು ಕೇಳಿ. (ಕರ್ನಲ್ ಎಂದರೆ ಕಚ್ಚಾ ಡೇಟಾದಿಂದ ಚಿತ್ರ ಕಟ್ಟುವ ಲೆಕ್ಕದ ಬಗೆ.) ಯಂತ್ರದಲ್ಲಿ ಕಚ್ಚಾ ಡೇಟಾ ಕೆಲವೇ ದಿನ ಉಳಿಯುತ್ತದೆ, ಆಮೇಲೆ ಹೊಸ ಸ್ಕ್ಯಾನಿನ ಜಾಗಕ್ಕೆಂದು ಅಳಿದುಹೋಗುತ್ತದೆ. ವಾರ ಬಿಟ್ಟು ಹೋದರೆ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ದುಡ್ಡು, ಮತ್ತೊಮ್ಮೆ ವಿಕಿರಣ.

ಸ್ಕ್ಯಾನ್ ಮಾಡುವಾಗ ಉಸಿರು ಪೂರ್ತಿ ಎಳೆದು ಹಿಡಿದಿರಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಇಡೀ ಶ್ವಾಸಕೋಶವೇ ಮಬ್ಬಾಗಿ, ಸಣ್ಣ ಮಬ್ಬು ಗಂಟು ಅದರಲ್ಲಿ ಕರಗಿಹೋಗುತ್ತದೆ. ನಮ್ಮ ಕಡೆ ಇದಕ್ಕೊಂದು ವಿಶೇಷ ತೊಡಕು ಇದೆ. ಯಂತ್ರದೊಳಗಿನ ರೆಕಾರ್ಡ್ ಮಾಡಿದ ದನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡುತ್ತದೆ, ಟೆಕ್ನೀಷಿಯನ್ ಮಲಯಾಳದಲ್ಲಿ ಹೇಳುತ್ತಾರೆ, ಮಲಗಿದ ಅಜ್ಜಿಗೆ ತುಳುವೋ ಕನ್ನಡವೋ ಮಾತ್ರ ಗೊತ್ತು. ‘ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಈಗ ಬಿಡಿ’ ಎಂದು ಮೇಜಿನ ಮೇಲೆ ಮಲಗಿಸುವ ಮುಂಚೆಯೇ ಎರಡು ಸಲ ಮಾಡಿಸಿ ನೋಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ಇನ್ನೂ ಎರಡು ಸಂಗತಿ. ಒಂದು, ಗಂಟಿನ ಫಾಲೋಅಪ್‌ಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಡ. ಕಾಂಟ್ರಾಸ್ಟ್ ಸಾಂದ್ರತೆಯ ಸಂಖ್ಯೆಯನ್ನು ಮೇಲಕ್ಕೆ ತಳ್ಳುತ್ತದೆ; ಹಿಂದಿನದು ಸಾದಾ, ಈಗಿನದು ಕಾಂಟ್ರಾಸ್ಟ್ ಆದರೆ ಗಂಟು ‘ಗಟ್ಟಿಯಾಯಿತು’ ಎಂಬ ಭ್ರಮೆ ಹುಟ್ಟುತ್ತದೆ. ಎರಡು, ಬೆನ್ನಿನ ಮೇಲೆ ಮಲಗಿದಾಗ ಶ್ವಾಸಕೋಶದ ಹಿಂಭಾಗ ತನ್ನ ಭಾರಕ್ಕೇ ಸ್ವಲ್ಪ ಕುಗ್ಗಿ ಮಬ್ಬಾಗುತ್ತದೆ. ಅಲ್ಲಿ ಅನುಮಾನ ಬಂದರೆ ಕವುಚಿ ಮಲಗಿಸಿ ಆ ಭಾಗವನ್ನಷ್ಟೇ ಮತ್ತೆ ತೆಗೆಯಬೇಕು. ಕುಗ್ಗಿದ್ದಾದರೆ ಮಾಯವಾಗುತ್ತದೆ, ಗಂಟಾದರೆ ಅಲ್ಲೇ ಇರುತ್ತದೆ.

ಹಳೆಯ ಸ್ಕ್ಯಾನ್ ಹುಡುಕುವುದು

ಹೊಸ ಸ್ಕ್ಯಾನಿಗಿಂತ ಹಳೆಯದಕ್ಕೆ ಬೆಲೆ ಹೆಚ್ಚು ಎಂದರೆ ಉತ್ಪ್ರೇಕ್ಷೆಯಲ್ಲ. 2020, 2021ರಲ್ಲಿ ಕೋವಿಡ್ ಎಂದು ಎದೆಯ ಸಿಟಿ ಮಾಡಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಆ ಸಿಡಿ ಕಪಾಟಿನಲ್ಲಿ ಎಲ್ಲೋ ಬಿದ್ದಿರುತ್ತದೆ. ಅಂದು ಕೋವಿಡ್ ನಡುವೆ ಯಾರ ಕಣ್ಣಿಗೂ ಬೀಳದ 7 ಮಿ.ಮೀ. ಮಬ್ಬು ಚುಕ್ಕಿ ಇಂದಿನ 11 ಮಿ.ಮೀ.ಗೆ ಸಾಕ್ಷಿ ಹೇಳಬಹುದು. ಅಥವಾ ಇಂದಿನ 11 ಅಂದೂ 11 ಆಗಿಯೇ ಇತ್ತು ಎಂದು ಸಮಾಧಾನ ಕೊಡಬಹುದು. ಗಲ್ಫಿಗೆ ಹೋಗುವಾಗ ಮೆಡಿಕಲ್‌ಗೆ ತೆಗೆದ ಎಕ್ಸ್‌ರೇ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಮಬ್ಬು ಗಂಟು ಎಕ್ಸ್‌ರೇಯಲ್ಲಿ ಕಾಣುವುದೇ ಅಪರೂಪ. ‘ಎಕ್ಸ್‌ರೇ ಕ್ಲಿಯರ್ ಇತ್ತು’ ಎಂಬುದರಿಂದ ಈ ಗಂಟು ಹೊಸತೆಂದು ಸಾಬೀತಾಗುವುದಿಲ್ಲ.

ಸಿಡಿ ಕಳೆದಿದ್ದರೆ ಆಸ್ಪತ್ರೆಯ ಸರ್ವರಿನಲ್ಲಿ ಹುಡುಕಿಸಬಹುದು. ಅಲ್ಲಿ ಅಡ್ಡ ಬರುವುದು ಹೆಸರಿನ ಸ್ಪೆಲ್ಲಿಂಗ್. ಗಡಿಯ ಆಚೆ ‘ಟಿ’ ಮಾತ್ರ ಹಾಕಿ ಬರೆದ ಸಾವಿತ್ರಿ, ಈಚೆ ‘ಟಿ’ ಪಕ್ಕ ‘ಎಚ್’ ಸೇರಿದ ಸಾವಿತ್ರಿಯಾಗುತ್ತಾರೆ. ‘ಎಸ್ ಎಚ್’ ಇಂದ ಶುರುವಾಗುವ ಶಂಕರ, ಇಲ್ಲಿ ಬರಿಯ ‘ಎಸ್’ ಇಂದ ಶುರುವಾಗುತ್ತಾರೆ. ಕಂಪ್ಯೂಟರಿಗೆ ಇವರು ಇಬ್ಬರು. ಹಳೆಯ ಬಿಲ್ಲಿನಲ್ಲಿ ಇರುವ ಆಸ್ಪತ್ರೆ ನಂಬರು ಹಿಡಿದು ಹುಡುಕಿಸಿ. ಅದಿಲ್ಲದಿದ್ದರೆ ಎರಡೂ ಸ್ಪೆಲ್ಲಿಂಗ್ ಬರೆದುಕೊಟ್ಟು, ಸ್ಕ್ಯಾನ್ ಮಾಡಿಸಿದ ತಿಂಗಳು ಹೇಳಿ.

ನಿಂತಿದೆಯೋ ಮಾಯವಾಗುತ್ತದೋ

ಅಳೆಯುವ ಮುಂಚೆ ಇದು ನಿಜವಾದ ಗಂಟೇ ಎಂಬುದು ಖಚಿತವಾಗಬೇಕು. ಸೋಂಕು, ಸಣ್ಣ ರಕ್ತಸ್ರಾವ, ಉರಿಯೂತ, ಇವೆಲ್ಲ ಮಬ್ಬು ಗಂಟಿನಂತೆಯೇ ಕಾಣುತ್ತವೆ, ಕೆಲವು ವಾರಗಳಲ್ಲಿ ಹೋಗಿಬಿಡುತ್ತವೆ. ಅಂಚು ಹರಡಿಹೋದ ಹೊಗೆಯಂತಿದ್ದರೆ ಸೋಂಕಿನ ಕಡೆಗೆ ತಕ್ಕಡಿ ವಾಲುತ್ತದೆ. ಇಲ್ಲಿಂದ ಇಲ್ಲಿಗೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಬಹುದಾದಷ್ಟು ಸ್ಪಷ್ಟವಿದ್ದರೆ ಗಂಟಿನ ಕಡೆಗೆ. ಮೊದಲ ಸಿಟಿಯ ಎರಡೇ ವಾರಕ್ಕೆ ಮತ್ತೊಂದು ತೆಗೆಯುವುದು ದುಡ್ಡು ದಂಡ. ಕರಗುವಂಥದ್ದಕ್ಕೂ ಅಷ್ಟರಲ್ಲಿ ಕರಗಲು ಸಮಯ ಸಿಕ್ಕಿರುವುದಿಲ್ಲ.

ನಮ್ಮಲ್ಲಿ ಕ್ಷಯದ ಗಾಯದ ಕಲೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಅದು ಹೆಚ್ಚಾಗಿ ಶ್ವಾಸಕೋಶದ ಮೇಲ್ತುದಿಯಲ್ಲಿ, ಸುತ್ತ ಎಳೆಎಳೆಯಾದ ಗೆರೆಗಳೊಂದಿಗೆ, ಕೆಲವೊಮ್ಮೆ ಸುಣ್ಣ ಕಟ್ಟಿಕೊಂಡು, ಪಕ್ಕದಲ್ಲಿ ಪುಡಿಪುಡಿ ಚುಕ್ಕಿಗಳ ಸಂಸಾರದೊಂದಿಗೆ ಇರುತ್ತದೆ. ಗಂಟಿನ ಮಧ್ಯಕ್ಕೆ ಅಥವಾ ಪೂರ್ತಿಗೆ ಸುಣ್ಣ ಕಟ್ಟಿದ್ದರೆ ಅಷ್ಟರ ಮಟ್ಟಿಗೆ ನಿರಾಳ. ಆದರೆ ಹಳೆಯ ಕಲೆಯ ಪಕ್ಕದಲ್ಲೇ ಕ್ಯಾನ್ಸರ್ ಹುಟ್ಟಿದ್ದೂ ಉಂಟು. ‘ಹಿಂದೆ ಟಿಬಿ ಆಗಿತ್ತು, ಅದೇ ಇರಬೇಕು’ ಎಂದು ಬಿಡುವುದಕ್ಕೆ ಹಳೆಯ ಚಿತ್ರದ ಸಾಕ್ಷಿ ಬೇಕು.

ಅಳೆಯುವುದು

ವ್ಯೂವರಿನಲ್ಲಿ ಲಂಗ್ ವಿಂಡೋ ಹಾಕಿ: ಅಗಲ 1500, ಮಟ್ಟ −600. (ಯಾವ ಸಾಂದ್ರತೆಯಿಂದ ಯಾವುದರ ತನಕ ಕಪ್ಪು ಬಿಳುಪಿನಲ್ಲಿ ತೋರಿಸಬೇಕು ಎಂಬ ಹೊಂದಿಕೆಗೆ ವಿಂಡೋ ಎಂದು ಹೆಸರು.) ಗಂಟು ಅತಿ ದೊಡ್ಡದಾಗಿ ಕಾಣುವ ಸ್ಲೈಸನ್ನು ಅಡ್ಡ, ಎದುರು, ಪಕ್ಕ ಈ ಮೂರು ದಿಕ್ಕಿನಲ್ಲೂ ಹುಡುಕಿ. ಅಡ್ಡ ಚಿತ್ರದಲ್ಲಿ ಗುಂಡಗೆ ಕಂಡದ್ದು ಪಕ್ಕದಿಂದ ಚಪ್ಪಟೆ ಗೆರೆಯಾಗಿ ಕಂಡರೆ ಅದು ಹೆಚ್ಚಾಗಿ ಗಾಯದ ಕಲೆ.

ಈಗ ಎರಡು ಅಳತೆ. ಮೊದಲನೆಯದು, ಮಬ್ಬು ಭಾಗವೂ ಸೇರಿ ಇಡೀ ಗಂಟಿನ ಅತಿ ಉದ್ದದ ವ್ಯಾಸ. ಎರಡನೆಯದು, ಗಟ್ಟಿ ಭಾಗದ ಅತಿ ಉದ್ದದ ವ್ಯಾಸ. ಎರಡನ್ನೂ ಅದೇ ಲಂಗ್ ವಿಂಡೋದಲ್ಲಿ ತೆಗೆದುಕೊಳ್ಳಿ. ಗಟ್ಟಿ ಮಾಂಸ ನೋಡುವ ಮೀಡಿಯಾಸ್ಟೈನಲ್ ವಿಂಡೋಗೆ (ಅಗಲ 350–400, ಮಟ್ಟ 40) ಬದಲಿಸಿದರೆ ಮಬ್ಬೆಲ್ಲ ಕರಗಿ ಗಟ್ಟಿ ತಿರುಳು ಮಾತ್ರ ಉಳಿಯುತ್ತದೆ. ಗಟ್ಟಿ ಭಾಗ ನಿಜವಾಗಿಯೂ ಇದೆಯೇ ಎಂದು ತಾಳೆ ನೋಡಲು ಅದು ಒಳ್ಳೆಯ ಉಪಾಯ. ಆದರೆ ಅಲ್ಲಿ ಅಳೆದರೆ ಸಂಖ್ಯೆ ಚಿಕ್ಕದು ಬರುತ್ತದೆ. ಒಮ್ಮೆ ಒಂದರಲ್ಲಿ, ಆರು ತಿಂಗಳ ಬಳಿಕ ಇನ್ನೊಂದರಲ್ಲಿ ಅಳೆದು ‘ಗಟ್ಟಿ ಭಾಗ ಇಮ್ಮಡಿಯಾಯಿತು’ ಎಂದು ಬರೆದ ರಿಪೋರ್ಟುಗಳಿಗೆ ಕೊರತೆಯಿಲ್ಲ. ಯಾವ ವಿಂಡೋದಲ್ಲಿ ಅಳೆದದ್ದು ಎಂದು ಪಕ್ಕದಲ್ಲಿ ಬರೆಯುವುದಕ್ಕೆ ಎರಡು ಪದ ಸಾಕು.

ಗಂಟಿನ ಮೂಲಕ ಹಾದುಹೋಗುವ ರಕ್ತನಾಳವನ್ನು ಗಟ್ಟಿ ಭಾಗಕ್ಕೆ ಸೇರಿಸಬೇಡಿ. ಸ್ಲೈಸ್‌ಗಳನ್ನು ಮೇಲೆ ಕೆಳಗೆ ಓಡಿಸಿ. ಬಿಳಿ ಚುಕ್ಕಿ ಗಂಟಿನಿಂದ ಹೊರಗೂ ದಾರವಾಗಿ ಮುಂದುವರಿದರೆ ಅದು ನಾಳ. ಗಂಟಿನೊಳಗೇ ಹುಟ್ಟಿ ಅಲ್ಲೇ ಮುಗಿದರೆ ಗಟ್ಟಿ ಭಾಗ.

ಮೊದಲು ಹೇಳಿದ 18 ಮಿ.ಮೀ. ಗಂಟನ್ನೇ ತೆಗೆದುಕೊಳ್ಳೋಣ, ಗಟ್ಟಿ ಭಾಗ 6 ಮಿ.ಮೀ. ಬಂತೆನ್ನಿ. ಆರನ್ನು ಹದಿನೆಂಟರಿಂದ ಭಾಗಿಸಿದರೆ 0.33. ಇದನ್ನು ಸಿಟಿಆರ್ ಎನ್ನುತ್ತಾರೆ, ಕನ್ಸಾಲಿಡೇಷನ್ ಟ್ಯೂಮರ್ ರೇಷಿಯೋ. ಕ್ಯಾನ್ಸರ್ ಎಷ್ಟು ಮುಂದುವರಿದಿದೆ ಎಂದು ಹೇಳುವ ಟಿಎನ್‌ಎಂ ಹಂತ ನಿರ್ಣಯದ ಎಂಟನೇ ಆವೃತ್ತಿಯಿಂದೀಚೆಗೆ ಪಾರ್ಟ್ ಸಾಲಿಡ್ ಗಂಟಿನ ‘ಟಿ’ ಹಂತವನ್ನು (ಗಂಟಿನ ಹಂತವನ್ನು) ಗಟ್ಟಿ ಭಾಗದ ಅಳತೆಯಿಂದಲೇ ಹೇಳುವುದು. ಒಟ್ಟು ಗಾತ್ರ 3 ಸೆ.ಮೀ. ಒಳಗಿರುವಾಗ, ಪೂರ್ತಿ ಮಬ್ಬಾದರೆ ಟಿಐಎಸ್. ಗಟ್ಟಿ ಭಾಗ 5 ಮಿ.ಮೀ. ವರೆಗೆ ಟಿ1ಎಂಐ, 6ರಿಂದ 10 ಟಿ1ಎ, 11ರಿಂದ 20 ಟಿ1ಬಿ, 21ರಿಂದ 30 ಟಿ1ಸಿ. ನಮ್ಮ ಗಂಟು ಟಿ1ಎ ಆಯಿತು. ಹದಿನೆಂಟನ್ನೇ ಹಿಡಿದಿದ್ದರೆ ಟಿ1ಬಿ ಎಂದು ಬರೆದುಬಿಡುತ್ತಿದ್ದೆವು.

ಈ ಅಳತೆಯ ಮಿತಿಯನ್ನೂ ತಿಳಿದಿರಬೇಕು. ಒಂದೇ ಚಿತ್ರವನ್ನು ಇಬ್ಬರು ಅನುಭವಿಗಳು ಅಳೆದರೂ ಒಂದೂವರೆ ಮಿ.ಮೀ. ಆಚೀಚೆ ಆಗುವುದು ಮಾಮೂಲು. ಎದೆಯ ಚಿತ್ರಗಳ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ವ್ಯಾಸದಲ್ಲಿ 2 ಮಿ.ಮೀ. ಅಥವಾ ಹೆಚ್ಚು ಬದಲಾದರೆ ಮಾತ್ರ ಬೆಳವಣಿಗೆ ಎಂದು ಒಪ್ಪುವುದು ಇದಕ್ಕಾಗಿಯೇ. ಎಂಟು ಒಂಬತ್ತಾಯಿತು ಎಂದು ರಾತ್ರಿ ನಿದ್ದೆ ಬಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ಸಿಟಿಆರ್‌ನ ಸಂಖ್ಯೆ ಎಲ್ಲಿಂದ ಬಂತು

ಜಪಾನಿನ ಕ್ಯಾನ್ಸರ್ ಸಂಶೋಧನಾ ತಂಡವಾದ ಜೆಸಿಒಜಿಯ 0201 ಸಂಖ್ಯೆಯ ಅಧ್ಯಯನ (2011ರಲ್ಲಿ ಪ್ರಕಟ) ಒಂದು ಸರಳ ಪ್ರಶ್ನೆ ಕೇಳಿತು: ನಿಜವಾಗಿ ನುಗ್ಗಿದ ಕ್ಯಾನ್ಸರುಗಳಲ್ಲಿ 97 ಶೇಕಡವನ್ನಾದರೂ ಸಿಟಿ ನೋಡಿಯೇ ‘ಇದು ನುಗ್ಗಿದೆ’ ಎಂದು ಗುರುತಿಸಲು ಎಲ್ಲಿ ಗೆರೆ ಎಳೆಯಬೇಕು? 3 ಸೆ.ಮೀ. ಒಳಗಿನ ಗಂಟಿಗೆ ಸಿಟಿಆರ್ 0.5 ಎಂದು ಗೆರೆ ಎಳೆದಾಗ ಬಂದದ್ದು 96.4, ಕೂದಲೆಳೆಯಲ್ಲಿ ತಪ್ಪಿತು. 2 ಸೆ.ಮೀ. ಒಳಗಿನದಕ್ಕೆ 0.25 ಎಂದು ಬಿಗಿ ಮಾಡಿದಾಗ 98.7 ಬಂತು. ಅಲ್ಲಿಂದ 0.25 ನಿಂತಿತು. ಅಂಥ ಗಂಟುಗಳಿಗೆ ಲೋಬ್ ಇಡಿಯಾಗಿ ತೆಗೆಯದೆ ಸಣ್ಣ ಭಾಗ ಮಾತ್ರ ತೆಗೆದು ನೋಡಿದ ಜೆಸಿಒಜಿ 0804ರಲ್ಲಿ ಐದು ವರ್ಷ ರೋಗ ಮರಳದೆ ಬದುಕಿದವರು 99.7 ಶೇಕಡ. ಗಟ್ಟಿ ಭಾಗವೇ ಹೆಚ್ಚಿರುವ, ಸಿಟಿಆರ್ 0.5 ಮೀರಿದ, 2 ಸೆ.ಮೀ. ಒಳಗಿನ ಗಂಟುಗಳಲ್ಲೂ ಸೆಗ್ಮೆಂಟ್ (ಲೋಬಿನ ಒಂದು ಪಾಲು) ಮಾತ್ರ ತೆಗೆದರೆ ಸಾಕೇ ಎಂದು ಜೆಸಿಒಜಿ 0802 1,106 ಮಂದಿಯಲ್ಲಿ ನೋಡಿತು. ಐದು ವರ್ಷ ಬದುಕಿದವರು ಸೆಗ್ಮೆಂಟ್ ಗುಂಪಿನಲ್ಲಿ 94.3 ಶೇಕಡ, ಲೋಬ್ ಗುಂಪಿನಲ್ಲಿ 91.1. ಆದರೆ ಆಪರೇಷನ್ ಆದ ಜಾಗದ ಬಳಿಯೇ ರೋಗ ಮರಳಿದ್ದು ಸೆಗ್ಮೆಂಟ್ ಗುಂಪಿನಲ್ಲಿ ಹೆಚ್ಚು. ಇವನ್ನೆಲ್ಲ ತೆಳು ಸ್ಲೈಸ್ ಚಿತ್ರದ ಮೇಲೆ ಅಳೆದದ್ದು. 5 ಮಿ.ಮೀ. ಫಿಲ್ಮ್ ಹಿಡಿದು 0.25 ಎಂದು ಹೇಳುವುದು ಅಕ್ಕಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಪೂರ್ತಿ ಮಬ್ಬು ಗಂಟಾದರೆ

ಗಟ್ಟಿ ಭಾಗವೇ ಇಲ್ಲದಾಗ ಸಿಟಿಆರ್ ಸೊನ್ನೆ. ಅದರಿಂದ ಏನೂ ತಿಳಿಯುವುದಿಲ್ಲ. ಆಗ ಗಾತ್ರ ಮತ್ತು ಸರಾಸರಿ ಸಾಂದ್ರತೆ ಕೆಲಸಕ್ಕೆ ಬರುತ್ತವೆ. 5 ಮಿ.ಮೀ. ಒಳಗಿನದು ಹೆಚ್ಚಾಗಿ ಕ್ಯಾನ್ಸರಿಗೂ ಹಿಂದಿನ ಮೆಟ್ಟಿಲು. 10 ದಾಟಿದರೆ ಎಚ್ಚರ ಬೇಕು, 15 ದಾಟಿದರೆ ಒಳಗೆ ಸಣ್ಣ ಬೇರು ಇಳಿದಿರುವ ಶಂಕೆ ಬಲವಾಗುತ್ತದೆ. ಸಾಂದ್ರತೆ −700ರ ಬಳಿ ಇದ್ದರೆ ತೆಳು ಹಾವಸೆ. −500ರ ಕಡೆಗೆ ಏರುತ್ತಿದ್ದರೆ ಗೋಡೆ ದಪ್ಪವಾಗುತ್ತಿದೆ ಎಂದರ್ಥ.

ಎರಡನ್ನೂ ಒಟ್ಟು ಮಾಡಿ ಗಂಟಿನ ತೂಕ ಹಾಕುವ ವಿಧಾನ ನಮಗೆ ಹೆಚ್ಚು ಇಷ್ಟ. ಗಾತ್ರವನ್ನು ಘನ ಮಿ.ಮೀ.ನಲ್ಲಿ ತೆಗೆದುಕೊಂಡು, ಸರಾಸರಿ ಸಾಂದ್ರತೆಗೆ 1000 ಕೂಡಿಸಿ 1000ದಿಂದ ಭಾಗಿಸಿ, ಗುಣಿಸಿದರೆ ತೂಕ ಮಿಲಿಗ್ರಾಮಿನಲ್ಲಿ ಸಿಗುತ್ತದೆ. 12 ಮಿ.ಮೀ. ವ್ಯಾಸದ ಗುಂಡು ಗಂಟು 905 ಘನ ಮಿ.ಮೀ. ಸರಾಸರಿ −600 ಇದ್ದರೆ 905ರ 0.4 ಪಾಲು, 362 ಮಿ.ಗ್ರಾಂ. ಮುಂದಿನ ವರ್ಷ ಅಗಲ ಹನ್ನೆರಡೇ ಇದ್ದು ಸಾಂದ್ರತೆ −500ಕ್ಕೆ ಏರಿದರೆ 452. ಅಗಲ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ತೂಕ ಕಾಲು ಪಾಲು ಏರಿತು. ‘ಸೈಜ್ ಸ್ಟೇಬಲ್’ ಎಂಬ ಎರಡು ಪದದ ರಿಪೋರ್ಟು ಇದನ್ನು ಮುಚ್ಚಿಹಾಕುತ್ತದೆ. ಎರಡೂ ಸಲ ಒಂದೇ ಬಗೆಯ ಕರ್ನಲ್, ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್, ಪೂರ್ತಿ ಉಸಿರು ಇದ್ದರೆ ಮಾತ್ರ ಈ ಹೋಲಿಕೆ ಸಲ್ಲುತ್ತದೆ; ಅರ್ಧ ಉಸಿರು ಸಾಂದ್ರತೆಯನ್ನು ತಾನೇ ಏರಿಸಿಬಿಡುತ್ತದೆ.

ಬೆಳವಣಿಗೆಯ ವೇಗಕ್ಕೂ ಒಂದು ಲೆಕ್ಕ ಇದೆ. ವ್ಯಾಸ 26 ಶೇಕಡ ಹೆಚ್ಚಿದರೆ ಘನ ಗಾತ್ರ ಇಮ್ಮಡಿ. 180 ದಿನದಲ್ಲಿ 8 ಮಿ.ಮೀ. 10 ಆದರೆ ಇಮ್ಮಡಿಯಾಗುವ ಅವಧಿ ಸುಮಾರು 186 ದಿನ. ಗಟ್ಟಿ ಕ್ಯಾನ್ಸರಿನ ನಡಿಗೆ ಅದು. ಎರಡು ವರ್ಷದಲ್ಲಿ 10 ಮಿ.ಮೀ. 12 ಆದರೆ ಸುಮಾರು 925 ದಿನ. ಮಬ್ಬು ಗಂಟುಗಳು ಹೀಗೆ ನಿಧಾನವಾಗಿ ನಡೆಯುತ್ತವೆ. ಹಾಗಾಗಿಯೇ ಗಟ್ಟಿ ಗಂಟು ಎರಡು ವರ್ಷ ಬದಲಾಗದಿದ್ದರೆ ಬಿಡಬಹುದು ಎನ್ನುವ ಹಳೆಯ ನಿಯಮ ಮಬ್ಬು ಗಂಟಿಗೆ ಸಲ್ಲುವುದಿಲ್ಲ.

ಆಕಾರದ ಸುಳಿವುಗಳು

ಅಂಚು ಕಿರಣಗಳಂತೆ ಮುಳ್ಳುಮುಳ್ಳಾಗಿದ್ದರೆ, ಪಕ್ಕದ ಪ್ಲೂರಾವನ್ನು (ಶ್ವಾಸಕೋಶದ ಹೊರಪೊರೆಯನ್ನು) ದಾರ ಕಟ್ಟಿ ಒಳಕ್ಕೆ ಎಳೆದಂತಿದ್ದರೆ, ಒಳಗೆ ಗಾಳಿಯ ಸಣ್ಣ ಗುಳ್ಳೆಗಳಿದ್ದರೆ, ಗಂಟಿನೊಳಗೆ ಹೊಕ್ಕ ಶ್ವಾಸನಾಳ ಸೊಟ್ಟಗಾಗಿದ್ದರೆ, ರಕ್ತನಾಳ ಅಲ್ಲಿಗೆ ಬರುವಾಗ ಉಬ್ಬಿದ್ದರೆ ಅಥವಾ ಹಲವು ನಾಳಗಳು ಅದರತ್ತ ಬಾಗಿದ್ದರೆ ಒಳನುಗ್ಗುವಿಕೆಯ ಅನುಮಾನ ಏರುತ್ತದೆ. ಒಂದೊಂದೇ ಸುಳಿವು ಹಿಡಿದು ತೀರ್ಪು ಕೊಡುವಂತಿಲ್ಲ. ಕ್ಷಯದ ಕಲೆಯೂ ಪ್ಲೂರಾವನ್ನು ಎಳೆಯುತ್ತದೆ.

ಚುಚ್ಚಿದ ವಿಕಿರಣಶೀಲ ಸಕ್ಕರೆಯನ್ನು ಹೀರಿದ ಜಾಗ ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನ್ ಬಗ್ಗೆ ಒಂದು ಮಾತು, ಏಕೆಂದರೆ ದುಬಾರಿಯಾದ್ದರಿಂದ ಅದೇ ಕೊನೆಯ ಮಾತು ಎಂದು ಜನ ನಂಬುತ್ತಾರೆ. ಮಬ್ಬು ಗಂಟು ಪೆಟ್‌ನಲ್ಲಿ ಹೊಳೆಯದಿರುವುದೇ ಹೆಚ್ಚು. ಗಟ್ಟಿ ಭಾಗ 8 ಮಿ.ಮೀ. ಒಳಗಿದ್ದರೂ ಅಷ್ಟೆ. ಕ್ಷಯ ಮಾತ್ರ ಚೆನ್ನಾಗಿ ಹೊಳೆಯುತ್ತದೆ. ಹೊಳೆಯಲಿಲ್ಲ ಎಂದು ಕ್ಯಾನ್ಸರ್ ಇಲ್ಲ ಎನ್ನುವಂತಿಲ್ಲ, ಹೊಳೆಯಿತು ಎಂದು ಕ್ಯಾನ್ಸರ್ ಎನ್ನುವಂತೆಯೂ ಇಲ್ಲ.

ಕಂಪ್ಯೂಟರಿಗೆ ಬಿಟ್ಟರೆ

ರೇಡಿಯೋಮಿಕ್ಸ್, ಎಐ ಎಂದು ಈಗ ಎಲ್ಲೆಡೆ ಕೇಳಿಬರುವುದರ ಹಿಂದಿನ ಕೆಲಸ ಇಷ್ಟು. ಗಂಟಿನ ಗಡಿಯನ್ನು ಪ್ರತಿ ಸ್ಲೈಸಿನಲ್ಲೂ ಗುರುತಿಸುವುದು (3ಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶ ಸಾಕು), ಚಿತ್ರವನ್ನು ಮೂರೂ ದಿಕ್ಕಿನಲ್ಲಿ 1 ಮಿ.ಮೀ. ಘನಗಳಿಗೆ ಸಮ ಮಾಡುವುದು, ಸಾಂದ್ರತೆಯನ್ನು 25 ಯೂನಿಟಿನ ಮೆಟ್ಟಿಲುಗಳಿಗೆ ಇಳಿಸುವುದು, ಪೈರೇಡಿಯೋಮಿಕ್ಸ್‌ನಂಥ ಉಪಕರಣದಿಂದ ಆಕಾರ, ಸಾಂದ್ರತೆ, ನೇಯ್ಗೆಯ ನೂರಾರು ಸಂಖ್ಯೆಗಳನ್ನು ತೆಗೆಯುವುದು, ಪೆಥಾಲಜಿಯ ಉತ್ತರ ಗೊತ್ತಿರುವ ಗಂಟುಗಳ ಮೇಲೆ ಮಾದರಿಯನ್ನು ಪಳಗಿಸುವುದು.

ಇದನ್ನು ಕಾಲೇಜಿನ ಪ್ರಾಜೆಕ್ಟಾಗಿ ಮಾಡುವವರು ಜಾರುವ ಜಾಗಗಳು ಎಲ್ಲ ಕಡೆಯೂ ಒಂದೇ. ಗಡಿಯನ್ನು ಇಬ್ಬರು ಬೇರೆಬೇರೆಯಾಗಿ ಗುರುತಿಸಿ, ಇಬ್ಬರ ನಡುವೆ ಹೊಂದದ ಸಂಖ್ಯೆಗಳನ್ನು (ಇಬ್ಬರ ಅಳತೆ ಎಷ್ಟು ಹೊಂದುತ್ತದೆ ಎಂದು ಹೇಳುವ ಐಸಿಸಿ 0.75ಕ್ಕಿಂತ ಕಡಿಮೆಯವನ್ನು) ಮೊದಲೇ ಕೈಬಿಡಬೇಕು. ಒಬ್ಬ ರೋಗಿಯಲ್ಲಿ ಮೂರು ಗಂಟಿದ್ದರೆ ಮೂರೂ ಒಂದೇ ಕಡೆ ಇರಬೇಕು. ಎರಡು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ. ನೂರು ಗಂಟಿಗೆ ಸಾವಿರ ಸಂಖ್ಯೆ ಕೊಟ್ಟರೆ ಮಾದರಿ ಬಾಯಿಪಾಠ ಮಾಡುತ್ತದೆ, ಕಲಿಯುವುದಿಲ್ಲ. ಒಂದೇ ಆಸ್ಪತ್ರೆಯ ಒಂದೇ ಯಂತ್ರದ ಮೇಲೆ ಬಂದ ಅಂಕ ಬೇರೆ ಯಂತ್ರದಲ್ಲಿ ನಿಲ್ಲುತ್ತದೆಯೇ ಎಂದು ಹೊರಗಿನ ಡೇಟಾದಲ್ಲಿ ನೋಡದೆ ನಂಬಬಾರದು.

ನಮ್ಮವರಿಗೆ ಇನ್ನೂ ಒಂದು ಎಚ್ಚರಿಕೆ. ಇಂಥ ಮಾದರಿಗಳಲ್ಲಿ ಬಹಳಷ್ಟು ಪೂರ್ವ ಏಷ್ಯಾದಲ್ಲಿ ಆಪರೇಷನ್ ಮಾಡಿ ತೆಗೆದ ಗಂಟುಗಳ ಮೇಲೆ ಪಳಗಿದವು. ಅಲ್ಲಿ ಪ್ರಶ್ನೆ ‘ಕ್ಯಾನ್ಸರ್ ನುಗ್ಗಿದೆಯೇ ಇಲ್ಲವೇ’ ಎಂಬುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಆಗಲೇ ತೀರ್ಮಾನವಾಗಿದೆ. ನಮ್ಮ ಟಿಬಿ ಕಲೆಯನ್ನು ಅದಕ್ಕೆ ತೋರಿಸಿದರೂ ‘ನುಗ್ಗಿದೆ, 87 ಶೇಕಡ’ ಎಂದು ಗಂಭೀರವಾಗಿ ಹೇಳಿಬಿಡುತ್ತದೆ. ಅದಕ್ಕೆ ಬೇರೆ ಉತ್ತರ ಗೊತ್ತಿಲ್ಲ.

ಇನ್ನು ಕಾಯುವುದೋ ಕತ್ತರಿಸುವುದೋ

ಫ್ಲೈಷ್ನರ್ 2017ರ ಪ್ರಕಾರ, 35 ದಾಟಿದ, ಬೇರೆ ಕ್ಯಾನ್ಸರ್ ಇಲ್ಲದ, ರೋಗನಿರೋಧಕ ಶಕ್ತಿ ಕುಂದದವರಿಗೆ ಕ್ರಮ ಹೀಗೆ. ಪೂರ್ತಿ ಮಬ್ಬು ಗಂಟು ಒಂದೇ ಇದ್ದು 6 ಮಿ.ಮೀ. ಒಳಗಿದ್ದರೆ ಮಾಮೂಲು ಫಾಲೋಅಪ್ ಬೇಡ. 6 ಅಥವಾ ಹೆಚ್ಚಿದ್ದರೆ 6ರಿಂದ 12 ತಿಂಗಳಲ್ಲಿ ಒಂದು ಸಿಟಿ, ಅಲ್ಲೇ ನಿಂತಿದ್ದರೆ ಆಮೇಲೆ ಎರಡು ವರ್ಷಕ್ಕೊಮ್ಮೆ, ಐದು ವರ್ಷದ ತನಕ. ಪಾರ್ಟ್ ಸಾಲಿಡ್ ಗಂಟು 6 ಅಥವಾ ಹೆಚ್ಚಿದ್ದರೆ 3ರಿಂದ 6 ತಿಂಗಳಲ್ಲಿ ಸಿಟಿ. ಬದಲಾಗದೆ ಗಟ್ಟಿ ಭಾಗ 6ರ ಒಳಗೇ ಇದ್ದರೆ ವರ್ಷಕ್ಕೊಮ್ಮೆ, ಐದು ವರ್ಷ. ಗಟ್ಟಿ ಭಾಗ 6 ಮುಟ್ಟಿ ಅಲ್ಲೇ ನಿಂತರೆ ಬಲವಾದ ಶಂಕೆ. ಆಗ ಎದೆಯ ಸರ್ಜನ್, ಪಲ್ಮನಾಲಜಿಸ್ಟ್, ರೇಡಿಯಾಲಜಿಸ್ಟ್ ಮೂವರೂ ಒಟ್ಟಿಗೆ ಕೂತು ನೋಡುವ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆಯಿಂದ ಮಂಗಳೂರು ಹತ್ತಿರ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೂ ರೈಲಿನ ದಾರಿಯಲ್ಲೇ ಇದೆ. ಯಾವ ಆರೋಗ್ಯ ಕಾರ್ಡು ರಾಜ್ಯದ ಗಡಿಯ ಯಾವ ಬದಿಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಅಡ್ಮಿಷನ್ ಕೌಂಟರಿನಲ್ಲಿ ನಿಂತು ಕೇಳುವ ಪ್ರಶ್ನೆ ಅದಲ್ಲ.

ಫಾಲೋಅಪ್‌ಗೆ ಲೋ ಡೋಸ್ ಸಿಟಿ ಎಂದೇ ಬರೆಸಿಕೊಳ್ಳಿ. ಮಾಮೂಲು ಎದೆಯ ಸಿಟಿಯ ವಿಕಿರಣ 5ರಿಂದ 7 ಮಿಲಿಸೀವರ್ಟ್ ಆದರೆ ಇದರದ್ದು ಒಂದು, ಒಂದೂವರೆ. ಸಾಧ್ಯವಾದರೆ ಪ್ರತಿ ಸಲವೂ ಅದೇ ಸೆಂಟರ್, ಅದೇ ಯಂತ್ರ.

ವೈದ್ಯರ ಮುಂದೆ ಕೂತಾಗ ಬೀಡಿ, ಸಿಗರೇಟು ಎಷ್ಟು ವರ್ಷ, ಬಿಟ್ಟು ಎಷ್ಟಾಯಿತು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ, ಟಿಬಿಗೆ ಮಾತ್ರೆ ತಿಂದದ್ದಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ಬೀಡಿ ಮುಟ್ಟದ ಹೆಂಗಸರಲ್ಲೂ ಮಬ್ಬು ಗಂಟು ಕಾಣುವುದು ಮಾಮೂಲು, ಹಾಗಾಗಿ ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದ ಎಣ್ಮಕಜೆ ಕಡೆಯವರು ‘ಎಂಡೋಸಲ್ಫಾನಿನಿಂದಲೋ?’ ಎಂದು ಕೇಳುವುದು ಸಹಜ. ಗಂಟಿನ ಸ್ವಭಾವವನ್ನು ಚಿತ್ರ ಹೇಳಬಲ್ಲದು, ಅದು ಯಾಕೆ ಹುಟ್ಟಿತು ಎಂಬುದನ್ನು ಹೇಳಲಾರದು.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸ್ಕ್ಯಾನಿಗೂ ಒಂದು ಸಾಲು ಬರೆದಿಡಿ: ತಾರೀಕು, ಸೆಂಟರ್, ಆಸ್ಪತ್ರೆ ನಂಬರು, ಸ್ಲೈಸ್ ದಪ್ಪ, ಕಾಂಟ್ರಾಸ್ಟ್ ಇತ್ತೋ ಇಲ್ಲವೋ, ಒಟ್ಟು ಗಾತ್ರ, ಗಟ್ಟಿ ಭಾಗ, ಯಾವ ವಿಂಡೋ, ಸರಾಸರಿ ಸಾಂದ್ರತೆ. ಸಿಡಿಯನ್ನು ಮಾತ್ರ ನಂಬಬೇಡಿ. ನಮ್ಮ ಮಳೆಗಾಲದಲ್ಲಿ ಕಪಾಟಿನ ಸಿಡಿಗೂ ಬೂಷ್ಟು ಹಿಡಿಯುತ್ತದೆ, ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ. ತಂದ ದಿನವೇ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಊರಿನ ಹೊರಗಿರುವ ಮಗನದೋ ಮಗಳದೋ ಕಂಪ್ಯೂಟರಿಗೂ ಒಂದು ಪ್ರತಿ ಕಳಿಸಿ. ಫೋಲ್ಡರಿನ ಹೆಸರಲ್ಲಿ ತಾರೀಕು ಇರಲಿ. ‘ಅಪ್ಪನ ಸ್ಕ್ಯಾನ್ ಹೊಸತು’ ಎಂದು ಬರೆದದ್ದು ಮೂರು ವರ್ಷದ ಮೇಲೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ.